ಕಡಲಿನವರ ಹೆಣಿಗೆಯಂಗಿ: ಇತಿಹಾಸ, ಐತಿಹ್ಯ, ಅಭಿಜ್ಞಾನ

ಕಾವ್ಯನಾಟಕಗಳಲ್ಲಿ ಅಭಿಜ್ಞಾನವಸ್ತುವಿಗೆ ಇರುವ ಪ್ರಾಶಸ್ತ್ಯವು ವಿದ್ವಾಂಸರಿಗೆ ತಿಳಿಯದುದಲ್ಲ. ಹನುಮಂತನು ಅಶೋಕವನದಲ್ಲಿ ಸೀತೆಗೆ ಕೊಟ್ಟ ಉಂಗುರ, ಸೀತೆಯು ಅವನ ಕೈಯಲ್ಲಿ ಕಳುಹಿದ ಚೂಡಾಮಣಿ, ಶಕ್ರಾವತಾರದ ಮೀನುಗಾರನಿಗೆ ಮೀನಿನ ಹೊಟ್ಟೆಯಲ್ಲಿ ದೊರೆತ ದುಷ್ಯಂತನ ಮುದ್ರಿಕೆ—ಇವು ಒಂದೊಂದೂ ಕಥೆಯ ಗಂಟನ್ನು ಬಿಡಿಸತಕ್ಕವು. ಗ್ರೀಕರ ನಾಟಕಗಳಲ್ಲಿಯೂ ಈ ಸಂಪ್ರದಾಯವುಂಟು. ಈಸ್ಕಿಲಸನ ಎಲೆಕ್ಟ್ರಾ ಎಂಬವಳಿಗೆ ಬಹುಕಾಲ ಅಗಲಿದ್ದ ತಮ್ಮನ ಗುರುತು ಸಿಕ್ಕುವ ಕುರುಹುಗಳಲ್ಲಿ ಅವಳ ಕೈಯ ನೇಯ್ಗೆಯ ಬಟ್ಟೆಯೂ ಒಂದು. ಅನಂತರ ಬಂದ ಯೂರಿಪಿಡೀಸನು ಇದನ್ನೇ ಹಿಡಿದು, ಶಿಶುವಾಗಿದ್ದಾಗ ತೊಟ್ಟ ಬಟ್ಟೆಯು ಮೈಯೊಡನೆ ಬೆಳೆಯುತ್ತದೆಯೆ ಎಂದು ತನ್ನ ಎಲೆಕ್ಟ್ರಾಳ ಬಾಯಿಂದಲೇ ಪರಿಹಾಸ ಮಾಡಿಸಿರುವನು. ಅಭಿಜ್ಞಾನವನ್ನು ನಂಬುವ ಕವಿಯೂ ಅದನ್ನು ಪರೀಕ್ಷಿಸುವ ಕವಿಯೂ ಹೀಗೆ ಒಂದೇ ಶತಮಾನದಲ್ಲಿ ಹುಟ್ಟಿದರು.

ಯೂರೋಪಿನ ವಾಯವ್ಯ ಭಾಗದ ಕಡಲತೀರಗಳಲ್ಲಿ ಮೀನುಗಾರರು ತೊಡುತ್ತಿದ್ದ ಉಣ್ಣೆಯ ಹೆಣಿಗೆಯಂಗಿಯನ್ನು ಕುರಿತು ಇಂಥದೇ ಒಂದು ಅಭಿಜ್ಞಾನಕಥೆ ಲೋಕದಲ್ಲಿ ಪ್ರಚುರವಾಗಿದೆ. ಒಂದೊಂದು ಊರಿಗೆ, ಒಂದೊಂದು ಕುಲಕ್ಕೆ ಹೆಣಿಗೆಯ ಬೇರೆ ಬೇರೆ ವಿನ್ಯಾಸ ನಿಯತವಾಗಿತ್ತಂತೆ. ಮುಳುಗಿ ಸತ್ತವನ ಶವವು ಹಲವು ದಿನಗಳ ಮೇಲೆ ದೂರದ ದಡಕ್ಕೆ ಬಂದು ಬಿದ್ದರೆ, ಮುಖದ ಗುರುತು ಅಳಿದಿದ್ದರೂ ಅಂಗಿಯ ವಿನ್ಯಾಸವನ್ನು ನೋಡಿ ಅವನ ಕುಲವನ್ನು ತಿಳಿದು ಬಂಧುಗಳಿಗೆ ಒಪ್ಪಿಸುತ್ತಿದ್ದರಂತೆ. ಕೇಳಿದವರು ಮರೆಯಲಾರದ ಕಥೆಯಿದು. ಆ ಅಂಗಿಗಳನ್ನು ಮಾರುವ ಅಂಗಡಿಗಳಲ್ಲಿ ಈಗಲೂ ಇದನ್ನೇ ಹೇಳುವರು. ಇದರ ಮೂಲವು ಯಾವುದು, ಇದಕ್ಕೆ ಪ್ರಮಾಣವೆಷ್ಟು ಎಂಬುದು ವಿಚಾರಾರ್ಹವಾದ ವಿಷಯ. ಏಕೆಂದರೆ ಆ ಮೂಲವು ಸಮುದ್ರತೀರದಲ್ಲಿ ದೊರೆಯುವುದಿಲ್ಲ, ಒಂದು ನಾಟಕದಲ್ಲಿ ದೊರೆಯುತ್ತದೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ನೇಯ್ಗೆಗೂ ಹೆಣಿಗೆಗೂ ಭೇದವುಂಟು. ನೇಯ್ಗೆಯಲ್ಲಿ ಹಾಸಿನ ಎಳೆಗಳು ಬೇರೆ, ಹೊಕ್ಕಿನ ಎಳೆಗಳು ಬೇರೆ; ಅವು ಒಂದನ್ನೊಂದು ಅಡ್ಡಹಾಯುವುವು. ಹೆಣಿಗೆಯಲ್ಲಿ ಒಂದೇ ನೂಲು ಕುಣಿಕೆಯ ಮೇಲೆ ಕುಣಿಕೆಯಾಗಿ ಕಡ್ಡಿಗಳ ಮೇಲೆ ಸಾಗುವುದು. ಆದುದರಿಂದಲೇ ಹೆಣೆದ ಬಟ್ಟೆಯು ಮೈಯೊಡನೆ ಹಿಗ್ಗಿ ಕುಗ್ಗುವುದು. ಒಂದು ಕುಣಿಕೆ ತಪ್ಪಿದರೆ ಕೆಳಗಿನವರೆಗೂ ಬಿಚ್ಚಿಕೊಂಡು ಬರುವುದು. ಬಿಚ್ಚಿದ ನೂಲಿನಿಂದ ಮತ್ತೆ ಹೆಣೆಯಲೂಬಹುದು. ಎದುರು ಕುಣಿಕೆ, ಹಿಮ್ಮುಖ ಕುಣಿಕೆ ಎಂಬ ಎರಡೇ ಬಗೆಗಳ ಜೋಡಣೆಯಿಂದ ಬಣ್ಣದ ಸಹಾಯವಿಲ್ಲದೆ ಉಬ್ಬುತಗ್ಗುಗಳ ಚಿತ್ರಗಳು ಮೂಡುವುವು. ಲಘುಗುರುಗಳೆಂಬ ಎರಡೇ ಅಕ್ಷರಭೇದಗಳಿಂದ ಛಂದಸ್ಸಿನ ಪ್ರಸ್ತಾರವು ಬೆಳೆಯುವುದನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ಈಜಿಪ್ಟಿನಲ್ಲಿ ದೊರೆತಿರುವ ಮಧ್ಯಯುಗದ ಹತ್ತಿಯ ಹೆಣಿಗೆಯ ತುಣುಕುಗಳು ಈ ವಿದ್ಯೆಯ ಪ್ರಾಚೀನ ಸಾಕ್ಷ್ಯಗಳಲ್ಲಿ ಮುಖ್ಯವಾದುವು. ಸ್ಪೇನ್ ದೇಶದಲ್ಲಿ 1275ರಲ್ಲಿ ಮೃತನಾದ ಒಬ್ಬ ರಾಜಕುಮಾರನ ಸಮಾಧಿಯಲ್ಲಿ ಹೆಣಿಗೆಯ ದಿಂಬುಗಳಿದ್ದುವು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಇರುವ ಜರ್ಸಿ, ಗರ್ನ್ಸಿ ಎಂಬ ದ್ವೀಪಗಳಲ್ಲಿ ಹದಿನಾರು ಹದಿನೇಳನೆಯ ಶತಮಾನಗಳ ವೇಳೆಗೆ ಹೆಣಿಗೆಯು ದೊಡ್ಡ ಉದ್ಯಮವಾಗಿತ್ತು; ಅಲ್ಲಿಯ ಕಾಲುಚೀಲಗಳು ದೂರದೇಶಗಳಿಗೆ ಹೋಗುತ್ತಿದ್ದುವು. ಜನರು ಹೊಲಗೆಲಸವನ್ನು ಬಿಟ್ಟು ಹೆಣೆಯುತ್ತ ಕುಳಿತರೆಂದು, ಸುಗ್ಗಿಯ ಕಾಲದಲ್ಲಿಯೂ ಗೊಬ್ಬರಕ್ಕಾಗಿ ಕಡಲಸೊಪ್ಪನ್ನು ಒಟ್ಟುಗೂಡಿಸುವ ಕಾಲದಲ್ಲಿಯೂ ಹದಿನೈದು ವರ್ಷಕ್ಕೆ ಮೇಲ್ಪಟ್ಟವರು ಹೆಣೆಯಕೂಡದೆಂದು ಜರ್ಸಿಯಲ್ಲಿ 1608ರಲ್ಲಿ ಕಟ್ಟಳೆ ಮಾಡಬೇಕಾಯಿತು. ಎರಡು ದ್ವೀಪಗಳ ಹೆಸರೂ ಬಟ್ಟೆಯ ಹೆಸರಾಗಿ ನಿಂತುವು. ಇಂದು ಆಟಗಾರರು ತೊಡುವ ‘ಜರ್ಸಿ’ಯೂ, ಕನ್ನಡನಾಡಿನ ಕೊಟ್ಟಿಗೆಗಳಲ್ಲಿ ಕಟ್ಟುವ ‘ಜರ್ಸಿ’ ಹಸುವೂ ಒಂದೇ ದ್ವೀಪದಿಂದ ನಾಮವನ್ನು ಪಡೆದುವೆಂಬುದು ನಿರುಕ್ತಪ್ರಿಯರಿಗೆ ರುಚಿಸುವ ಸಂಗತಿ. ‘ಗರ್ನ್ಸಿ’ ಎಂಬುದು ಇಂಗ್ಲೆಂಡಿನ ಪೂರ್ವತೀರದವರ ಬಾಯಲ್ಲಿ ‘ಗ್ಯಾನ್ಸಿ’ ಎಂಬ ತದ್ಭವವಾಯಿತು.

ಈ ಗ್ಯಾನ್ಸಿಯೇ ಕಡಲಿನವರ ಅಂಗಿ. ಐದೆಳೆಗಳನ್ನು ಬಿಗಿಯಾಗಿ ಹುರಿಮಾಡಿದ ಗಾಢನೀಲಿಯ ಉಣ್ಣೆನೂಲನ್ನು, ಎರಡು ತುದಿಯೂ ಚೂಪಾದ ಐದು ಉಕ್ಕಿನ ಕಡ್ಡಿಗಳ ಮೇಲೆ ಸುತ್ತುಸುತ್ತಾಗಿ ಹೆಣೆಯುತ್ತಿದ್ದರು. ಹೊಲಿದು ಕೂಡಿಸಿದ ಅಂಚು ಎಲ್ಲಿಯೂ ಇಲ್ಲ. ಅಂಗುಲಕ್ಕೆ ಎಂಟು ಹತ್ತು ಕುಣಿಕೆಗಳಷ್ಟು ನಿಬಿಡವಾದ ಹೆಣಿಗೆಯಾದುದರಿಂದ ಗಾಳಿಯೂ ನೀರಿನ ತುಂತುರೂ ಬೇಗನೆ ಒಳಹೋಗವು. ಮುಂದು ಹಿಂದು ಎಂಬ ಭೇದವಿಲ್ಲದುದರಿಂದ ತಿರುಗಿಸಿ ತೊಡಬಹುದು. ಮೊಣಕೈ ಒಂದೇ ಕಡೆ ಸವೆಯದು. ಕಂಕುಳಲ್ಲಿ ಚೌಕಾಕಾರದ ಒಂದು ತುಂಡು ಬಿಟ್ಟಿರುವರು. ಬಲೆಯೆಳೆಯುವವನು ತೋಳನ್ನೆತ್ತಿದರೆ ಅಂಗಿಯು ಮೇಲಕ್ಕೆ ಸರಿಯದಿರಲೆಂದು. ತೋಳುಗಳನ್ನು ಭುಜದಿಂದ ಮಣಿಕಟ್ಟಿನ ಕಡೆಗೆ ಹೆಣೆಯುವರು. ವಿನ್ಯಾಸವೆಲ್ಲ ಸಾಮಾನ್ಯವಾಗಿ ಎದೆಯ ಮಟ್ಟದಿಂದ ಮೇಲೆ. ಉಬ್ಬು ಹೆಣಿಗೆಯು ದಪ್ಪವಾಗಿ ಎದೆಯನ್ನು ಬೆಚ್ಚಗಿಡುವುದು. ಕೆಳಭಾಗವು ಸರಳವಾಗಿದ್ದರೆ ಕೆಲಸವು ಬೇಗ ಸಾಗುವುದು, ನೂಲೂ ಉಳಿಯುವುದು. ಹೀಗೆ ಈ ಅಂಗಿಯಲ್ಲಿ ಅಲಂಕಾರವೆಂದು ಕಾಣುವ ಬಹುಭಾಗಕ್ಕೆ ಪ್ರಯೋಜನವುಂಟು.

ಇದರ ಪ್ರಾಚೀನತೆಯನ್ನು ಕೆಲವರು ಬಹಳ ಹಿಂದಕ್ಕೆ ಒಯ್ಯುವರು. ಆದರೆ ಎದೆಯ ಮೇಲೆ ವಿನ್ಯಾಸವುಳ್ಳ ಗ್ಯಾನ್ಸಿಗೆ ದೊರೆಯುವ ಸ್ಪಷ್ಟವಾದ ಸಾಕ್ಷ್ಯಗಳು ಹತ್ತೊಂಬತ್ತನೆಯ ಶತಮಾನದವು. ಅವುಗಳಲ್ಲಿ ಛಾಯಾಚಿತ್ರಗಳು ಮುಖ್ಯ. ಕಾರ್ನ್‌ವಾಲಿನ ಪೋಲ್‌ಪೆರೋ ಎಂಬ ಊರಿನ ಮೀನುಗಾರರನ್ನು ಲೂಯಿ ಹಾರ್ಡಿಂಗ್ ಎಂಬವನು ಆ ಶತಮಾನದ ನಡುವಿನ ದಶಕಗಳಲ್ಲಿ ಒಬ್ಬೊಬ್ಬರನ್ನಾಗಿ ಚಿತ್ರ ತೆಗೆದನು. ಯಾರ್ಕ್‌ಷೈರಿನ ವಿಟ್ಬಿಯಲ್ಲಿ ಫ್ರ್ಯಾಂಕ್ ಮೆಡೋ ಸಟ್‌ಕ್ಲಿಫ್ ಎಂಬವನು ತನ್ನ ಊರಿನ ದೋಣಿಯವರನ್ನೂ ಅವರ ಹೆಂಗಸರನ್ನೂ ಚಿತ್ರಿಸಿದನು. ಆ ಚಿತ್ರಗಳಲ್ಲಿ ಅಂಗಿಯ ಕುಣಿಕೆಗಳನ್ನು ಇಂದಿಗೂ ಎಣಿಸಬಹುದು. ಒಂದೇ ಊರಿನ ಜನರ ಮೈಮೇಲೆ ನಾನಾ ವಿನ್ಯಾಸಗಳು ಕಾಣುವುವು. ಇದು ಪ್ರತ್ಯಕ್ಷ.

ವಿನ್ಯಾಸಗಳಿಗೆ ಹೆಣೆಯುವವರು ಇಟ್ಟ ಹೆಸರುಗಳು ಸೊಗಸಾಗಿವೆ: ಹಗ್ಗ, ಏಣಿ, ಲಂಗರು, ಬಾವುಟ, ಮೀನಿನ ಮುಳ್ಳು, ಅಲೆಯ ಗುರುತು. ಏರಿಳಿಯುವ ಅಂಕುಡೊಂಕು ಗೆರೆಗೆ ‘ಮದುವೆಯ ಗೆರೆ’ ಎಂಬ ಹೆಸರೂ ಉಂಟು. ದಾಂಪತ್ಯವು ನೆಟ್ಟಗೆ ಹೋಗದೆಂಬುದನ್ನು ಯಾರಾದರೂ ಬಲ್ಲವಳು ಹೇಳಿರಬೇಕು. ಇವು ಹೋಲಿಕೆಯಿಂದ ಬಂದ ಅನ್ವರ್ಥನಾಮಗಳು. ಕುಣಿಕೆಗಳು ಹಗ್ಗದಂತೆ ಹೊಸೆದುಕೊಂಡಿರುವುದರಿಂದ ಹಗ್ಗವೆಂದರು. ಹೆಸರಿನಲ್ಲಿ ಗೂಢಾರ್ಥವನ್ನು ಹುಡುಕಿದವರು ಅನಂತರ ಬಂದರು.

ಊರಿಗೊಂದು ವಿನ್ಯಾಸವೆಂಬ ನಿಯಮವು ನಿಲ್ಲದಿರುವುದಕ್ಕೆ ಮುಖ್ಯ ಕಾರಣ ಆ ಅಂಗಿಗಳನ್ನು ಹೆಣೆದವರ ಜೀವನವೇ. ಕನ್ನಡ ಕರಾವಳಿಯ ಬೂತಾಯಿಗೆ ಹತ್ತಿರದ ಜಾತಿಯದಾದ ಹೆರಿಂಗ್ ಎಂಬ ಮೀನು ಹಿಂಡುಹಿಂಡಾಗಿ ಬ್ರಿಟನ್ನಿನ ಪೂರ್ವತೀರಕ್ಕೆ ಬರುತ್ತಿತ್ತು. ಬೇಸಗೆಯಲ್ಲಿ ಉತ್ತರದ ಷೆಟ್ಲೆಂಡಿನಿಂದ ಆರಂಭವಾದ ಬೇಟೆಯು ಶರತ್ಕಾಲಕ್ಕೆ ದಕ್ಷಿಣದ ಯಾರ್ಮತ್, ಲೋಸ್ಟೋಫ್ಟ್ ಬಂದರುಗಳನ್ನು ಮುಟ್ಟುತ್ತಿತ್ತು. ದೋಣಿಗಳು ಸಮುದ್ರದ ಮೇಲೆ ಸಾಗಿದಂತೆ, ಸ್ಕಾಟ್ಲೆಂಡಿನ ಹಳ್ಳಿಗಳಿಂದಲೂ ಪಶ್ಚಿಮದ ದ್ವೀಪಗಳಿಂದಲೂ ಸಾವಿರಾರು ಹೆಂಗಸರು ರೈಲಿನಲ್ಲಿ ಬಂದರಿನಿಂದ ಬಂದರಿಗೆ ಸಾಗುತ್ತಿದ್ದರು. ಮೂವರು ಮೂವರ ತಂಡ: ಇಬ್ಬರು ಮೀನಿನ ಕರುಳು ತೆಗೆಯುವರು, ಒಬ್ಬಳು ಉಪ್ಪು ಹಾಕಿ ಪೀಪಾಯಿಯಲ್ಲಿ ಜೋಡಿಸುವಳು. ಚೂರಿಯಿಂದಲೂ ಉಪ್ಪಿನಿಂದಲೂ ಬೆರಳುಗಳನ್ನು ಕಾಪಾಡಿಕೊಳ್ಳಲು ಚಿಂದಿಬಟ್ಟೆ ಸುತ್ತಿಕೊಳ್ಳುವರು. ದೋಣಿ ಬರುವವರೆಗಿನ ಬಿಡುವಿನಲ್ಲಿ, ದಾರಿ ನಡೆಯುವಾಗಲೂ ಕೂಡ, ಆ ಬೆರಳುಗಳೇ ಹೆಣೆಯುತ್ತಿದ್ದುವು. ಒಂದು ಕಡ್ಡಿಯ ತುದಿಯನ್ನು ಸೊಂಟಪಟ್ಟಿಯಲ್ಲಿ ಸಿಕ್ಕಿಸಿದ ಮರದ ಕೋಶಕ್ಕೆ ಊರಿಕೊಂಡರೆ ಒಂದು ಕೈಗೆ ಬಿಡುವು ಸಿಕ್ಕುತ್ತಿತ್ತು. ಹೆರಿಂಗ್ ಉದ್ಯಮವು 1913ರಲ್ಲಿ ಪರಮಾವಧಿಯನ್ನು ಮುಟ್ಟಿತು. ಮೊದಲನೆಯ ಮಹಾಯುದ್ಧದಿಂದ ಮುಂದೆ ಅದು ಕುಗ್ಗಿತು. ಉತ್ತರದವಳೊಬ್ಬಳು ಯಾರ್ಮತ್ತಿನಲ್ಲಿ ಕಾರ್ನ್‌ವಾಲಿನ ದೋಣಿಯವನ ಎದೆಯ ಮೇಲಿನ ವಿನ್ಯಾಸವನ್ನು ಕಂಡರೆ ಅದನ್ನು ಮನಸ್ಸಿನಲ್ಲಿ ಲೆಕ್ಕಹಾಕಿಕೊಂಡು ಊರಿಗೆ ಒಯ್ಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಲಿಖಿತವಾದ ಸೂತ್ರವಿಲ್ಲದ ಈ ವಿದ್ಯೆಯು ಕಣ್ಣಿನಿಂದ ಕೈಗೆ ಹರಿಯಿತು.

ಇದರ ಅರ್ಥ ಊರಿಗೂ ವಿನ್ಯಾಸಕ್ಕೂ ಸಂಬಂಧವೇ ಇಲ್ಲವೆಂದಲ್ಲ. ತಾಯಿಯಿಂದ ಮಗಳು ಕಲಿತಳು, ನೆರೆಯವಳಿಂದ ನೆರೆಯವಳು ಕಲಿತಳು. ಆದುದರಿಂದ ಕೆಲವು ಊರುಗಳಲ್ಲಿ ಕೆಲವು ವಿನ್ಯಾಸಗಳು ಹೆಚ್ಚಾಗಿ ಬಳಕೆಯಲ್ಲಿದ್ದುವು. ಆದರೆ ರೂಢಿ ಬೇರೆ, ಲಾಂಛನ ಬೇರೆ. ಕಾರ್ನ್‌ವಾಲಿನಲ್ಲಿಯಂತೂ ಹೆಂಗಸರು ವ್ಯಾಪಾರಿಗಳಿಂದ ನೂಲು ಪಡೆದು ಕೂಲಿಗಾಗಿ ಹೆಣೆದ ಅಂಗಿಗಳು ಯಾರೆಂದರಿಯದವರ ಮೈಗೆ ಹೋಗುತ್ತಿದ್ದುವು. ಮೇರಿ ರೈಟ್ ಎಂಬ ಸಂಶೋಧಕಿಯು 1979ರ ತಮ್ಮ ಗ್ರಂಥದಲ್ಲಿ ಈ ಕೂಲಿಹೆಣಿಗೆಯ ಸಂಗತಿಯನ್ನು ಹೊರತಂದಿರುವರು. ಬಾಡಿಗೆ ಕೊಡಲು ಹೆಣೆದ ಅಂಗಿಯಲ್ಲಿ ಕುಲಲಾಂಛನವನ್ನು ಹುಡುಕುವುದು ವ್ಯರ್ಥ.

ಇನ್ನು ಕಥೆಯ ಮೂಲಕ್ಕೆ ಬರಬಹುದು. ಐರ್ಲೆಂಡಿನ ಪಶ್ಚಿಮದಲ್ಲಿ ಗಾಲ್ವೇ ಕೊಲ್ಲಿಯ ಬಾಯಲ್ಲಿ ಆರನ್ ಎಂಬ ಮೂರು ದ್ವೀಪಗಳಿವೆ: ಇನಿಷ್‌ಮೋರ್, ಇನಿಷ್‌ಮಾನ್, ಇನಿಷೀರ್. ಕವಿ ಯೇಟ್ಸನ ಸಲಹೆಯಂತೆ ಜಾನ್ ಮಿಲಿಂಗ್ಟನ್ ಸಿಂಜ್ ಎಂಬ ನಾಟಕಕಾರನು 1898ರಿಂದ 1902ರವರೆಗೆ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ, ಜನರ ಭಾಷೆಯನ್ನೂ ಬಾಳನ್ನೂ ಅಭ್ಯಾಸ ಮಾಡಿದನು. ಅದರ ಫಲವಾಗಿ ‘ರೈಡರ್ಸ್ ಟು ದ ಸೀ’ ಎಂಬ ಏಕಾಂಕವು 1904ರ ಫೆಬ್ರವರಿಯಲ್ಲಿ ಡಬ್ಲಿನ್ನಿನಲ್ಲಿ ರಂಗವೇರಿತು. ಮೌರ್ಯಾ ಎಂಬ ಮುದುಕಿಗೆ ಕಡಲು ಒಬ್ಬೊಬ್ಬರನ್ನಾಗಿ ಗಂಡುಮಕ್ಕಳನ್ನು ಕಸಿದುಕೊಂಡಿದೆ. ದೂರದ ಡಾನೆಗಾಲಿನ ಕಡಲಲ್ಲಿ ಸಿಕ್ಕ ಶವದ ಬಟ್ಟೆಗಳ ಗಂಟೊಂದು ಮನೆಗೆ ಬರುತ್ತದೆ. ಹೆಣ್ಣುಮಕ್ಕಳಿಬ್ಬರು ತಾಯಿಗೆ ತಿಳಿಯದಂತೆ ಗಂಟನ್ನು ಬಿಚ್ಚುತ್ತಾರೆ. ಅಂಗಿಯ ಬಟ್ಟೆಯಿಂದ ನಿರ್ಣಯವಾಗದು. ಅಂಥ ಬಟ್ಟೆಯ ಥಾನುಗಳು ಗಾಲ್ವೇ ಪೇಟೆಯಲ್ಲಿ ಬೇಕಾದಷ್ಟಿವೆ. ಆಗ ಕಿರಿಯಳಾದ ನೋರಾ ಕಾಲುಚೀಲವನ್ನು ಕೈಗೆ ತೆಗೆದುಕೊಂಡು ಕುಣಿಕೆಗಳನ್ನು ಎಣಿಸುತ್ತಾಳೆ. ತಾನು ಹೆಣೆದ ಮೂರನೆಯ ಜೊತೆಯ ಎರಡನೆಯ ಚೀಲಕ್ಕೆ ಅರವತ್ತು ಕುಣಿಕೆಗಳನ್ನು ಎತ್ತಿ ನಾಲ್ಕನ್ನು ಬಿಟ್ಟಿದ್ದುದು ಅವಳ ನೆನಪಿನಲ್ಲಿದೆ. ಎಣಿಕೆ ಸರಿಹೋಗುತ್ತದೆ. ಅಣ್ಣನು ಸತ್ತಿದ್ದಾನೆ.

ಈ ದೃಶ್ಯಕ್ಕೆ ಸಿಂಜನ ಅನುಭವದಲ್ಲಿ ಆಧಾರವಿತ್ತು. 1907ರಲ್ಲಿ ಪ್ರಕಟವಾದ ‘ದಿ ಆರನ್ ಐಲೆಂಡ್ಸ್’ ಎಂಬ ಅವನ ಗ್ರಂಥದಲ್ಲಿ, ಡಾನೆಗಾಲಿನ ದಡಕ್ಕೆ ಬಂದ ಒಂದು ಶವದ ವೃತ್ತಾಂತವಿದೆ. ಸತ್ತವನ ಸೋದರಿಯು ಬಟ್ಟೆ, ಹಣದ ಚೀಲ, ಹೊಗೆಸೊಪ್ಪಿನ ಪೆಟ್ಟಿಗೆ, ಕಾಲುಚೀಲ ಇವೆಲ್ಲವನ್ನೂ ಒಂದೊಂದಾಗಿ ನೆನೆದು ಹೋಲಿಸಿ ಅವನೇ ಎಂಬ ನಿಶ್ಚಯಕ್ಕೆ ಬರುವಳು. ಅಲ್ಲಿ ಯಾವ ಕುಲವಿನ್ಯಾಸದ ಮಾತೂ ಇಲ್ಲ. ಇನ್ನೂ ಗಮನಿಸತಕ್ಕ ಮಾತು ಅದೇ ಗ್ರಂಥದಲ್ಲಿದೆ. ದ್ವೀಪದ ಗಂಡಸರ ಉಡುಪನ್ನು ವರ್ಣಿಸುತ್ತ ಸಿಂಜನು, ಉಣ್ಣೆಯ ಸಹಜವಾದ ಬಣ್ಣ, ನೀಲಿ, ಇವೆರಡನ್ನೂ ಬೆರಸಿ ನೇಯ್ದ ಬೂದು ಎಂಬ ಮೂರು ಬಣ್ಣಗಳ ಬಟ್ಟೆಯನ್ನು ಹೇಳುತ್ತಾನೆ. ದೊಡ್ಡ ದ್ವೀಪದ ತರುಣರಲ್ಲಿ ಹಲವರು ಎಲ್ಲೆಡೆಯ ಮೀನುಗಾರರ ಸಾಮಾನ್ಯವಾದ ಜರ್ಸಿಯನ್ನು ತೊಡತೊಡಗಿದ್ದಾರೆ, ಇನಿಷ್‌ಮಾನಿನಲ್ಲಿ ಮಾತ್ರ ತಾನು ಕಂಡುದು ಒಂದೇ ಒಂದು—ಎಂಬುದು ಅವನ ಹೇಳಿಕೆಯ ತಾತ್ಪರ್ಯ. ಅನಾದಿಕಾಲದಿಂದ ಕುಲಕುಲಗಳಿಗೆ ನಿಯತವಾಗಿತ್ತೆಂದು ಹೇಳುವ ಅಂಗಿಯು ಆ ದ್ವೀಪದಲ್ಲಿ ಹೊಸ ವಸ್ತುವಾಗಿತ್ತೆಂಬುದಕ್ಕೆ, ಐತಿಹ್ಯದ ಮೂಲಪುರುಷನೇ ಹೀಗೆ ಸಾಕ್ಷಿಯಾಗಿ ನಿಲ್ಲುತ್ತಾನೆ!

ಹಗ್ಗ, ವಜ್ರಾಕೃತಿ, ಜೇನುಗೂಡು ಮೊದಲಾದ ವಿನ್ಯಾಸಗಳು ದಟ್ಟವಾಗಿ ತುಂಬಿದ ಬಿಳಿಯ ಆರನ್ ಅಂಗಿಯು ಇಪ್ಪತ್ತನೆಯ ಶತಮಾನದ ಮೊದಲಿನ ದಶಕಗಳ ಸೃಷ್ಟಿ. 1891ರಲ್ಲಿ ಸ್ಥಾಪಿತವಾದ ಒಂದು ಸರ್ಕಾರಿ ಮಂಡಲಿಯು ಐರ್ಲೆಂಡಿನ ಪಶ್ಚಿಮದ ಬಡ ಜಿಲ್ಲೆಗಳಲ್ಲಿ ಮೀನುಗಾರಿಕೆಯನ್ನು ಬೆಳೆಸಹೊರಟು, ಬೇರೆ ತೀರಗಳ ಮೀನುಗಾರರನ್ನು ಆರನ್ನಿಗೆ ಬರಮಾಡಿತು. ಹೊರಗಿನಿಂದ ಬಂದ ಗ್ಯಾನ್ಸಿಯನ್ನು ದ್ವೀಪದ ಹೆಂಗಸರು ಕಂಡು, ಬಣ್ಣಹಾಕದ ಎಣ್ಣೆಯಂಶದ ಉಣ್ಣೆಯಲ್ಲಿ ಇನ್ನೂ ದಪ್ಪವಾಗಿ, ಇನ್ನೂ ಉಬ್ಬಾಗಿ, ಮೈತುಂಬ ವಿನ್ಯಾಸ ಹೆಣೆದರೆಂದು ಊಹಿಸಲು ಅವಕಾಶವುಂಟು. 1930ರಲ್ಲಿ ಮ್ಯೂರಿಯಲ್ ಗಹಾನ್ ಎಂಬಾಕೆ ಡಬ್ಲಿನ್ನಿನಲ್ಲಿ ತೆರೆದ ಗ್ರಾಮೋದ್ಯೋಗದ ಅಂಗಡಿಯ ಮೂಲಕ ಆ ಕೈಗಳಿಗೆ ಪಟ್ಟಣದ ಗಿರಾಕಿಗಳು ದೊರೆತರು. ಇದು ಕೀಳಾದ ಚರಿತ್ರೆಯಲ್ಲ. ಕಂಡುದನ್ನು ಅನುಕರಿಸಿ ಅದನ್ನು ಮೀರಿದ ಕೆಲವು ಹೆಂಗಸರ ಪ್ರತಿಭೆಯ ಚರಿತ್ರೆ.

ಆದರೆ ಲೋಕಕ್ಕೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ಜರ್ಮನಿಯಿಂದ ಬಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನೂಲಿನ ವ್ಯಾಪಾರ ಮಾಡುತ್ತಿದ್ದ ಹೈನ್ಸ್ ಎಡ್ಗರ್ ಕೀವೆ ಎಂಬವನು 1936ರಲ್ಲಿ ಡಬ್ಲಿನ್ನಿನಲ್ಲಿ ಇಂಥ ಅಂಗಿಯೊಂದನ್ನು ಕಂಡು ಬೆರಗಾದನು. ಕ್ರಿಸ್ತಶಕ 800ರ ಸುಮಾರಿನ ‘ಕೆಲ್ಸ್ ಗ್ರಂಥ’ವೆಂಬ ಸಚಿತ್ರ ಹಸ್ತಪ್ರತಿಯಲ್ಲಿ ಆರನ್ ಹೆಣಿಗೆಯೇ ಚಿತ್ರಿತವಾಗಿದೆಯೆಂದೂ, ಹೆಣಿಗೆಯ ವಿನ್ಯಾಸಗಳೆಲ್ಲ ಪ್ರಾಚೀನ ಕ್ರೈಸ್ತರ ಪವಿತ್ರ ಸಂಕೇತಗಳೆಂದೂ ಅವನು ಪ್ರತಿಪಾದಿಸಿದನು, 1967ರಲ್ಲಿ ‘ಹೆಣಿಗೆಯ ಪವಿತ್ರ ಇತಿಹಾಸ’ವೆಂಬ ಅರ್ಥದ ಹೆಸರಿನಲ್ಲಿ ಪುಸ್ತಕವನ್ನೇ ಪ್ರಕಟಿಸಿದನು. ಆ ಪುರಾತನಕಾಲದ ಐರ್ಲೆಂಡಿನಲ್ಲಿ ಇಂಥ ಹೆಣಿಗೆ ಇದ್ದುದಕ್ಕೆ ಪ್ರಮಾಣವಿಲ್ಲ. ಹಸ್ತಪ್ರತಿಯ ಹುರಿಗೆರೆಗಳು ಚಿತ್ರಕಾರನ ಅಲಂಕಾರಗಳು. ಆದರೂ ಹಗ್ಗವೆಂದರೆ ಸುರಕ್ಷತೆ, ಜೇನುಗೂಡೆಂದರೆ ದುಡಿಮೆಯ ಫಲ, ವಜ್ರಾಕೃತಿಯೆಂದರೆ ಸಂಪತ್ತು ಎಂಬ ಕೋಶವೊಂದು ಬೆಳೆದುಹೋಯಿತು. ವ್ಯಾಪಾರಿಗಳು ಕುಲನಾಮಕ್ಕೊಂದು ವಿನ್ಯಾಸವನ್ನು ಹಂಚಿಕೊಟ್ಟರು. ಕ್ಲ್ಯಾನ್ಸಿ ಸೋದರರೆಂಬ ಐರಿಷ್ ಗಾಯಕರು 1961ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಬಿಳಿಯ ಆರನ್ ಅಂಗಿ ತೊಟ್ಟು ಹಾಡಿದ ಮೇಲೆ ಸಮುದ್ರದಾಚೆಯ ಐರಿಷ್ ಸಂತತಿಯವರಿಗೆ ಅದು ಪಿತೃದೇಶದ ಗುರುತಾಯಿತು. ಕಾಲುಚೀಲವು ಅಂಗಿಯಾಯಿತು, ತಂಗಿಯ ನೆನಪು ಕುಲದ ಲಾಂಛನವಾಯಿತು.

ಇಂಥ ಕಥೆ ಇದೊಂದೇ ಅಲ್ಲ. ಸ್ಕಾಟ್ಲೆಂಡಿನ ಉತ್ತರದ ಫೇರ್ ಐಲ್ ದ್ವೀಪದ ಬಣ್ಣಬಣ್ಣದ ಹೆಣಿಗೆಯನ್ನು, 1588ರಲ್ಲಿ ಅಲ್ಲಿ ಒಡೆದ ಸ್ಪೇನಿನ ಹಡಗಿನ ನಾವಿಕರು ಕಲಿಸಿದರೆಂದು ಹೇಳುವರು. ಹಡಗು ಒಡೆದುದು ನಿಜ, ಕಲಿಸಿದುದಕ್ಕೆ ಆಧಾರವಿಲ್ಲ.

ನೈಯಾಯಿಕರು ಐತಿಹ್ಯವನ್ನು ವಿಚಾರಿಸುವಾಗ, ಮೊದಲು ಹೇಳಿದವನು ಇಂಥವನೆಂದು ತಿಳಿಯದ, ಕೇವಲ ಪರಂಪರೆಯಿಂದ ಬಂದ ಮಾತೆಂದು ಅದನ್ನು ಲಕ್ಷಣೀಕರಿಸುವರು. ಈ ಆಲದ ಮರದಲ್ಲಿ ಯಕ್ಷನಿದ್ದಾನೆಂಬುದು ಸಂಪ್ರದಾಯದ ಉದಾಹರಣೆ. ಆ ಲಕ್ಷಣವನ್ನು ಅನ್ವಯಿಸಿದರೆ ಆರನ್ ಅಂಗಿಯ ಕಥೆಯು ಐತಿಹ್ಯವೆಂಬ ಹೆಸರಿಗೂ ಅರ್ಹವಲ್ಲ; ಇಲ್ಲಿ ಹೇಳಿದವರ ಹೆಸರು, ಊರು, ವರ್ಷ ಎಲ್ಲವೂ ತಿಳಿದಿವೆ. ರಿಚರ್ಡ್ ರಟ್ ಎಂಬವರು 1987ರಲ್ಲಿ ಪ್ರಕಟಿಸಿದ ಕೈಹೆಣಿಗೆಯ ಇತಿಹಾಸದಲ್ಲಿ ಇಂಥ ಕಥೆಗಳನ್ನು ನಿರ್ದಾಕ್ಷಿಣ್ಯವಾಗಿ ಜರಡಿಹಿಡಿದರು. ಇವರು ಲೆಸ್ಟರಿನ ಬಿಷಪ್ಪರಾಗಿದ್ದವರು, ಕೊರಿಯಾದಲ್ಲಿ ಬಹುಕಾಲವಿದ್ದು ಆ ಭಾಷೆಯ ಪದ್ಯಗಳನ್ನು ಇಂಗ್ಲಿಷಿಗೆ ಅನುವಾದಿಸಿದ ಪಂಡಿತರು, ತಾವೇ ಹೆಣೆಯಬಲ್ಲವರು. ಧರ್ಮಾಧಿಕಾರಿಯೇ ‘ಪವಿತ್ರ ಇತಿಹಾಸ’ವನ್ನು ತಳ್ಳಿಹಾಕಿದುದು ಸ್ವಾರಸ್ಯವಾಗಿದೆ.

ಕಥೆಯಿಂದ ಯಾರಿಗೇನು ನಷ್ಟವೆಂದು ಕೇಳಬಹುದು. ಕಡಲಿನವರ ಮರಣವು ಕಲ್ಪಿತವಲ್ಲ. 1881ರ ಅಕ್ಟೋಬರ್ 14ರಂದು ಸ್ಕಾಟ್ಲೆಂಡಿನ ಆಗ್ನೇಯ ತೀರದಲ್ಲಿ ಎದ್ದ ಬಿರುಗಾಳಿಯಲ್ಲಿ 189 ಮಂದಿ ಮೀನುಗಾರರು ಸತ್ತರು; ಅವರಲ್ಲಿ 129 ಮಂದಿ ಐಮತ್ ಎಂಬ ಒಂದೇ ಊರಿನವರು, ಹಲವರು ದಡದಲ್ಲಿ ನಿಂತ ಮನೆಯವರ ಕಣ್ಣೆದುರಿನಲ್ಲಿಯೇ. ಇಂಥ ಊರುಗಳಲ್ಲಿ ಶವವಾದರೂ ಸಿಕ್ಕಲೆಂಬ ಆಸೆಯು ಎಷ್ಟು ಬಲವಾದುದೆಂಬುದನ್ನು ಊಹಿಸಬಹುದು. ಕಥೆಯು ನಿಂತಿರುವುದು ಆ ಆಸೆಯ ಮೇಲೆ. ನಷ್ಟವಾದುದು ಬೇರೆಡೆಯಲ್ಲಿ. ನಾಟಕದಲ್ಲಿ ಅಭಿಜ್ಞಾನಶಕ್ತಿಯು ಹೆಣೆದವಳ ಕೈಯಲ್ಲಿದೆ. ಅರವತ್ತು ಕುಣಿಕೆ, ನಾಲ್ಕು ಬಿಟ್ಟವು: ಇದನ್ನು ನೋರಾ ಅಲ್ಲದೆ ಊರಿನ ಮತ್ತಾರೂ ಓದಲಾರರು. ಕುಲಲಾಂಛನದ ಕಥೆಯಲ್ಲಿ ಯಾರು ಬೇಕಾದರೂ ಓದಬಹುದು, ಹೆಣೆದವಳೇ ಬೇಕಿಲ್ಲ. ಆ ಕಥೆ ಗಂಡಸಿನ ಕುಲವನ್ನು ಉಳಿಸಿ ಹೆಂಗಸಿನ ಎಣಿಕೆಯನ್ನು ಅಳಿಸಿತು. ಸಿಂಜನ ಕರುಣರಸದ ಉತ್ಕರ್ಷಕ್ಕೆ ಕಾರಣವಾದುದನ್ನೇ ಅದು ತೆಗೆದುಹಾಕಿತೆಂಬುದನ್ನು ಸಾಹಿತ್ಯವನ್ನು ಬೋಧಿಸುವವರು ಮುಖ್ಯವಾಗಿ ಗಮನಿಸಬೇಕು.

ಕಥೆಯನ್ನು ಬಿಟ್ಟರೆ ಅಂಗಿಯ ರಮಣೀಯತೆ ಕುಂದುವುದೆಂಬ ಭಯಕ್ಕೆ ಕಾರಣವಿಲ್ಲ. ಒಂದೇ ಬಣ್ಣದಲ್ಲಿ ಬೆಳಕುನೆರಳುಗಳಿಂದಲೇ ಮೂಡುವ ಆ ಉಬ್ಬುಗೆರೆಗಳು ಹೊಯ್ಸಳರ ಗುಡಿಯ ಗೋಡೆಯಂತೆ ಹೊತ್ತುಹೊತ್ತಿಗೆ ಬೇರೆಯಾಗಿ ಕಾಣುವುವು. ‘ತ್ರಿಮೂರ್ತಿ’ ಕುಣಿಕೆಯೆಂಬ ಒಂದು ಬಗೆಯಲ್ಲಿ ಒಂದು ಕುಣಿಕೆಯಿಂದ ಮೂರನ್ನೂ ಮೂರರಿಂದ ಒಂದನ್ನೂ ಮಾಡುತ್ತ ಹೋಗುವರು. ದೇವತಾತತ್ತ್ವವನ್ನು ಅದರಲ್ಲಿ ಕಾಣದಿದ್ದರೂ ಲೆಕ್ಕದ ಚೆಲುವು ಕಾಣುವುದು. ಇಂದು ಅಂಗಡಿಗಳಲ್ಲಿ ದೊರೆಯುವ ಆರನ್ ಅಂಗಿಗಳಲ್ಲಿ ಬಹುಪಾಲು ಯಂತ್ರದ ಹೆಣಿಗೆಯವು. ಅವುಗಳಲ್ಲಿ ಕುಣಿಕೆ ತಪ್ಪುವುದಿಲ್ಲ.

ಅಂಗಿಯಿಂದ ತೊಟ್ಟವನನ್ನು ಗುರುತಿಸಲು ನಿಜವಾಗಿ ಅನುಕೂಲವಾಗುವ ಚಿಹ್ನೆಗಳೂ ಕೆಲವು ಗ್ಯಾನ್ಸಿಗಳಲ್ಲಿವೆ. ಸೊಂಟದ ಅಂಚಿಗೆ ಸ್ವಲ್ಪ ಮೇಲೆ, ಹಿಮ್ಮುಖ ಕುಣಿಕೆಗಳಿಂದ ಹೆಣೆದ ಎರಡು ಅಕ್ಷರಗಳು: ತೊಟ್ಟವನ ಹೆಸರಿನ ಮೊದಲಕ್ಷರಗಳು. ಲಾಂಛನದ ಊಹೆಗಿಂತ ಇದು ಸುಲಭವಾದ ಉಪಾಯ. ಇನ್ನೊಂದು ಗುರುತು ತೋಳಿನಲ್ಲಿ. ಉಪ್ಪುನೀರಿಗೂ ಹಗ್ಗದ ಉಜ್ಜಿಗೂ ಸಿಕ್ಕಿ ಮಣಿಕಟ್ಟಿನ ಭಾಗವು ಮೊದಲು ಹರಿಯುವುದು. ತೋಳನ್ನು ಮೇಲಿನಿಂದ ಕೆಳಕ್ಕೆ ಹೆಣೆದಿರುವುದರಿಂದ ಹರಿದಷ್ಟನ್ನು ಮಾತ್ರ ಬಿಚ್ಚಿ, ಉಳಿದ ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು ಹೊಸ ನೂಲಿನಿಂದ ಮುಂದುವರಿಸಬಹುದು. ಹಾಗೆ ಮಾಡಿದ ಅಂಗಿಯಲ್ಲಿ ಮಾಸಿದ ನೀಲಿಯೂ ಹೊಸ ನೀಲಿಯೂ ಸೇರುವ ಗೆರೆಯೊಂದು ಮೊಣಕೈಯ ಕೆಳಗೆ ಉಳಿಯುವುದು.